ಬೇಸಿಗೆಯಿಂದ ಚಳಿಗಾಲದವರೆಗೆ ಮನೆಯ ನಾಯಿ, ಬೆಕ್ಕಿನ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ನಾಯಿ, ಬೆಕ್ಕುಗಳಿಗೆ ಬರುವ ಕಾಯಿಲೆಗಳಲ್ಲಿ ಬಹಳಷ್ಟು ಹೇಳಿ ಕೇಳಿ ಬರುವಂಥವು. ಮಾರ್ಚಿಗೆ ಬಿಸಿಲು, ಜೂನಿಗೆ ಇಲಿ ಜ್ವರ, ಅಕ್ಟೋಬರ್–ನವೆಂಬರಿಗೆ ಪಟಾಕಿ ಎಂದು ಗೊತ್ತಿರುವಾಗ ಅದರ ತಯಾರಿ ಒಂದೆರಡು ತಿಂಗಳು ಮೊದಲೇ ಆಗಬೇಕು. ಕೆಳಗಿನ ಪ್ರಶ್ನೆಗಳನ್ನು ಬೇಸಿಗೆಯಿಂದ ಶುರುಮಾಡಿ ಕಾಲದ ಕ್ರಮದಲ್ಲಿ ಕೊಟ್ಟಿದ್ದೇವೆ. ಮದ್ದಿನ ಪ್ರಮಾಣವನ್ನು ಎಲ್ಲೂ ಬರೆದಿಲ್ಲ. ಅದು ಪ್ರಾಣಿಯ ತೂಕ, ವಯಸ್ಸು, ರಕ್ತಪರೀಕ್ಷೆ ನೋಡಿ ಪಶುವೈದ್ಯರೇ ಹೇಳಬೇಕಾದ ಮಾತು.

ಬೇಸಿಗೆ

ಎಷ್ಟು ಬಿಸಿಲಾದರೆ ನಾಯಿಗೆ ಅಪಾಯ?

ತಾಪಮಾನ ಒಂದನ್ನೇ ನೋಡಿದರೆ ಸಾಲದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಡುವಾಗ ಬಾಯಿಯ ತೇವ ಆರಿಯೇ ಅದರ ಮೈ ತಣಿಯಬೇಕು. ಗಾಳಿಯಲ್ಲೇ ತೇವ ತುಂಬಿದ್ದರೆ ಆ ತೇವ ಆರುವುದಿಲ್ಲ. ಆದ್ದರಿಂದ ಕಲಬುರಗಿಯ 41 ಡಿಗ್ರಿ ಒಣ ಬಿಸಿಲಿನಷ್ಟೇ ಮಂಗಳೂರಿನ 34 ಡಿಗ್ರಿಯ ಸೆಕೆಗೂ ಹೆದರಬೇಕು. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳು, ಪರ್ಷಿಯನ್ ಬೆಕ್ಕುಗಳು, ಬೊಜ್ಜು ಬಂದವು, ವಯಸ್ಸಾದವು ಎಲ್ಲಕ್ಕಿಂತ ಮೊದಲು ಸೋಲುತ್ತವೆ.

ವಾಕಿಂಗ್ ಬೆಳಿಗ್ಗೆ 7ರ ಒಳಗೆ ಮುಗಿಯಲಿ, ಸಂಜೆ 7ರ ಮೇಲೆ ಶುರುವಾಗಲಿ. ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲಿಟ್ಟು ನೋಡಿ. 7 ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಸೂರ್ಯ ಮುಳುಗಿ ಒಂದು ಗಂಟೆಯಾದರೂ ಡಾಂಬರು, ಟೆರೇಸಿನ ಕಾಂಕ್ರೀಟು ಬಿಸಿ ಬಿಟ್ಟಿರುವುದಿಲ್ಲ. ನಿಲ್ಲಿಸಿದ ಕಾರಿನಲ್ಲಿ ಕಿಟಕಿ ಸ್ವಲ್ಪ ಇಳಿಸಿಟ್ಟರೂ 10 ನಿಮಿಷದಲ್ಲಿ ಒಳಗೆ ಕುಲುಮೆಯಾಗುತ್ತದೆ. ತಗಡಿನ ಗೂಡಿನಲ್ಲಿ ಮಧ್ಯಾಹ್ನ ಕಟ್ಟಿಹಾಕುವುದೂ ಅಷ್ಟೇ ಅಪಾಯ.

ನಾಯಿಗೆ ಬಿಸಿಲು ಬಡಿದು ಕುಸಿದರೆ ಮೊದಲು ಏನು ಮಾಡಬೇಕು?

ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಜೀವಕ್ಕೇ ಅಪಾಯ. ಎಡೆಬಿಡದ ಏದುಸಿರು, ಕಡುಕೆಂಪು ಒಸಡು, ಅಂಟಂಟಾದ ಜೊಲ್ಲು, ತೂರಾಡುವ ನಡಿಗೆ, ವಾಂತಿ ಇದರ ಗುರುತುಗಳು. ಮೊದಲು ಮೈ ತಣಿಸಿ, ಆಮೇಲೆ ಗಾಡಿ ಹತ್ತಿಸಿ.

ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಕಂಕುಳು, ಪಾದಗಳಿಗೆ ತಣ್ಣೀರು ಸುರಿಯುತ್ತಾ ಇರಿ, ಫ್ಯಾನ್ ಹಾಕಿ. ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನ ನಲ್ಲಿಯಲ್ಲಿ ಬರುವ ನೀರು ಬಿಸಿಯಾಗಿರುತ್ತದೆ. ಸಂಪಿನ ನೀರನ್ನೋ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನೋ ಬಳಸಿ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿಯನ್ನು ಒಳಗೆ ತಡೆಹಿಡಿಯುತ್ತದೆ. ಪ್ರಜ್ಞೆ ಮಸುಕಾಗಿರುವ ನಾಯಿಯ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿರಿ, 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಇಲ್ಲದಿದ್ದರೆ ತಾಪ ಸಹಜಕ್ಕಿಂತ ಕೆಳಗೆ ಇಳಿದುಬಿಡುತ್ತದೆ. ಎದ್ದು ಬಾಲ ಆಡಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಡುವುದು ಒಂದೆರಡು ದಿನ ಬಿಟ್ಟು ಕಾಣಿಸಬಹುದು.

ಸೆಕೆಗೆ ಕೂದಲು ಬೋಳಿಸಬಹುದೇ?

ಬೇಡ. ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್, ಇಂಡಿಯನ್ ಸ್ಪಿಟ್ಜ್‌ಗಳ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಮೊದಲಿನಂತೆ ಬರದೆಯೂ ಇರಬಹುದು. ಗಂಟು ಬಿಡಿಸಿ, ಉದುರುವ ಒಳಕೂದಲನ್ನು ದಿನಾ ಬಾಚಿದರೆ ಸಾಕು.

ಮಾವಿನಹಣ್ಣು ಕೊಡಬಹುದೇ?

ತಿರುಳು ಒಂದೆರಡು ತುಂಡು ಕೊಟ್ಟರೆ ತೊಂದರೆಯಿಲ್ಲ. ಅಪಾಯ ಇರುವುದು ಓಟೆಯಲ್ಲಿ. ಚೀಪಿ ಬಿಸಾಕಿದ ಓಟೆಯನ್ನು ನಾಯಿ ಇಡಿಯಾಗಿ ನುಂಗಿದರೆ ಅದು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವೊಮ್ಮೆ ಜಠರದಲ್ಲೇ ದಿನಗಟ್ಟಲೆ ಕೂತು ಆಮೇಲೆ ಕೆಳಗಿಳಿದು ಅಡ್ಡವಾಗುತ್ತದೆ. ಹೀಗಾಗಿ ಹಣ್ಣು ತಿಂದದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ. ತಿಂದದ್ದೆಲ್ಲ ವಾಂತಿ, ಮಲವಿಲ್ಲ, ಹೊಟ್ಟೆ ಮುಟ್ಟಗೊಡುವುದಿಲ್ಲ ಎಂದರೆ ಓಟೆಯ ವಿಷಯವನ್ನು ವೈದ್ಯರಿಗೆ ನೀವೇ ಹೇಳಿ. ಎಕ್ಸ್‌ರೇಯಲ್ಲಿ ಅದು ಸ್ಪಷ್ಟವಾಗಿ ಕಾಣದೇ ಇರಬಹುದು, ಸ್ಕ್ಯಾನಿಂಗ್ ಬೇಕಾಗುತ್ತದೆ.

ಯುಗಾದಿಯ ಹೊಸತೊಡಕಿನ ದಿನ ಮಟನ್ ಮೂಳೆ ಹಾಕಬಹುದೇ?

ಬೆಂದ ಮೂಳೆ ಹಾಕಲೇಬೇಡಿ. ಬೆಂದ ಮೇಲೆ ಅದು ಚೂಪು ಚೂರುಗಳಾಗಿ ಸೀಳಿ ಗಂಟಲು, ಕರುಳನ್ನು ಚುಚ್ಚುತ್ತದೆ. ಮೂಳೆಗಿಂತ ಹೆಚ್ಚು ಜನ ಮರೆಯುವುದು ಕೊಬ್ಬನ್ನು. ತಟ್ಟೆಯಲ್ಲಿ ಉಳಿದ ಚರ್ಬಿ, ಎಣ್ಣೆ ತೇಲುವ ಸಾರು ಒಂದೇ ಸಲ ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ವಿಪರೀತ ವಾಂತಿ, ಹೊಟ್ಟೆನೋವು ಬರಬಹುದು. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ. ಇವು ನಾಯಿ, ಬೆಕ್ಕು ಎರಡರ ಕೆಂಪು ರಕ್ತಕಣಗಳನ್ನೂ ಒಡೆಯುತ್ತವೆ, ಬೆಕ್ಕಿಗೆ ಸ್ವಲ್ಪವೇ ಸಾಕು. ಅದರ ಪಾಲೆಂದು ಕೊಡಲೇಬೇಕೆನಿಸಿದರೆ ಉಪ್ಪು, ಖಾರ ಹಾಕುವ ಮೊದಲೇ ನೀರಿನಲ್ಲಿ ಬೇಯಿಸಿದ ನಾಲ್ಕು ಮಾಂಸದ ತುಂಡು ತೆಗೆದಿಡಿ.

ಉಣ್ಣೆ

ಮದ್ದು ಹಾಕಿದರೂ ಉಣ್ಣೆ ಮತ್ತೆ ಮತ್ತೆ ಬರುತ್ತವೆ, ಏಕೆ?

ನಿಮ್ಮ ಕಣ್ಣಿಗೆ ಬೀಳುವುದು ಅವುಗಳಲ್ಲಿ ಒಂದು ಪಾಲು ಮಾತ್ರ. ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವ ಕಂದು ಉಣ್ಣೆ ಮನೆಯೊಳಗೇ ಸಂಸಾರ ಹೂಡುವಂಥದ್ದು. ಮರಿ, ಎಳೆಯ, ಬಲಿತ ಎಂಬ ಮೂರು ಹಂತಗಳಲ್ಲೂ ಅದು ನಾಯಿಯ ರಕ್ತ ಕುಡಿದು ಪ್ರತಿ ಸಲ ಕೆಳಗೆ ಉದುರುತ್ತದೆ. ರಕ್ತ ಕುಡಿದು ಊದಿದ ಹೆಣ್ಣು ಗೋಡೆ ಹತ್ತಿ ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿನಲ್ಲೋ ಸೇರಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ಬಲಿತ ಉಣ್ಣೆ ಹಲವು ತಿಂಗಳು ಊಟವಿಲ್ಲದೆಯೂ ಬದುಕಬಲ್ಲದು. ನಾಯಿಗೆ ಒಂದು ಸಲ ಮದ್ದು ಹಾಕಿ ನಿಲ್ಲಿಸಿದರೆ ಗೋಡೆಯಲ್ಲಿ ಕಾಯುತ್ತಿರುವ ಮುಂದಿನ ತಂಡ ಬಂದು ಹತ್ತುತ್ತದೆ.

ಆದ್ದರಿಂದ ನಾಯಿ ಮತ್ತು ಮನೆ ಎರಡಕ್ಕೂ ಒಟ್ಟಿಗೆ, ಕಡಿಮೆಯೆಂದರೆ ಮೂರು ತಿಂಗಳು ಬಿಡದೆ ಮಾಡಬೇಕು. ಮನೆಯಲ್ಲಿರುವ ಎಲ್ಲ ನಾಯಿಗಳಿಗೂ ಒಂದೇ ದಿನ ಮದ್ದು ಶುರುಮಾಡಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಬಿಸಿ ನೀರಿನಲ್ಲಿ ಒಗೆಯಿರಿ. ಗೋಡೆಯ ಬಿರುಕು, ಸ್ಕರ್ಟಿಂಗ್ ಸಂದುಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ, ಇದನ್ನು ಮಾಡುವವರು ಕಡಿಮೆ, ಆದರೆ ಅತಿ ಹೆಚ್ಚು ಫಲ ಕೊಡುವುದು ಇದೇ. ಸ್ಪ್ರೇ ಹೊಡೆಯುವುದಾದರೆ ನೆಲಕ್ಕಿಂತ ಹೆಚ್ಚಾಗಿ ಗೋಡೆಯ ಅಂಚು, ಮಂಚದ ಕೆಳಗೆ, ಗೇಟಿನ ಕಂಬಕ್ಕೆ ಹೊಡೆಯಿರಿ. ಪೂರ್ತಿ ಒಣಗುವವರೆಗೆ ಮಕ್ಕಳು, ನಾಯಿ, ಬೆಕ್ಕು ಒಳಗೆ ಬರಬಾರದು. ಮೀನಿನ ತೊಟ್ಟಿ ಇದ್ದರೆ ಬೇರೆ ಕಡೆ ಒಯ್ಯಿರಿ, ಆ ಮದ್ದಿಗೆ ಮೀನು ಸಾಯುತ್ತದೆ.

ನಾಯಿಗೆ ಈಗ ನುಂಗಿಸುವ ಮಾತ್ರೆಗಳಿವೆ. ಫ್ಲುರಲೇನರ್ ಸುಮಾರು 12 ವಾರ, ಅಫಾಕ್ಸೊಲೇನರ್ ಮತ್ತು ಸಾರೊಲೇನರ್ ಒಂದು ತಿಂಗಳು ಕೆಲಸ ಮಾಡುತ್ತವೆ. ಉಣ್ಣೆ ಕಚ್ಚಿದ ಮೇಲೆಯೇ ಸಾಯುವುದರಿಂದ ಮೈಮೇಲೆ ಸತ್ತ ಉಣ್ಣೆ ಕಂಡರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಬೆನ್ನಿಗೆ ಹಾಕುವ ಹನಿಮದ್ದಾದರೆ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ, ಚರ್ಮದ ಜಿಡ್ಡಿನಲ್ಲಿ ಹರಡಿಯೇ ಅದು ಕೆಲಸ ಮಾಡಬೇಕು. ದನಕ್ಕೆ ತಂದ ಮದ್ದನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಹಚ್ಚುವುದು ಹಳ್ಳಿಗಳಲ್ಲಿ ಇನ್ನೂ ಇದೆ. ನೆಕ್ಕಿಕೊಂಡ ನಾಯಿ ನಡುಗಿ, ಜೊಲ್ಲು ಸುರಿಸಿ ಬೀಳುತ್ತದೆ.

ನಾಯಿಯ ಮದ್ದನ್ನೇ ಬೆಕ್ಕಿಗೆ ಸ್ವಲ್ಪ ಹಾಕಿದರೆ?

ಬೆಕ್ಕು ಸಾಯಬಹುದು. ನಾಯಿಗಳ ಹನಿಮದ್ದಿನಲ್ಲಿರುವ ಪರ್ಮೆಥ್ರಿನ್ ಅನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ (ಲಿವರ್) ಇಲ್ಲ. ನಾಯಿಗೆ ಆ ಮದ್ದು ಹಾಕಿದ ದಿನ ಬೆಕ್ಕು ಅದರ ಪಕ್ಕದಲ್ಲಿ ಮಲಗಲೂ ಬಿಡಬೇಡಿ. ಪೊಟ್ಟಣದ ಮೇಲೆ ಬೆಕ್ಕಿಗೆ ಎಂದು ಬರೆದದ್ದನ್ನು ಮಾತ್ರ ಬಳಸಿ.

ಕಚ್ಚಿಕೊಂಡ ಉಣ್ಣೆಯನ್ನು ಕೀಳುವುದು ಹೇಗೆ?

ಸಣ್ಣ ಮೊನೆಯ ಚಿಮ್ಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ. ಅವು ಉಣ್ಣೆಯನ್ನು ಕೆರಳಿಸಿ, ಅದರ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕಿಸುತ್ತವೆ. ಬೆರಳಲ್ಲಿ ಹಿಸುಕಬೇಡಿ, ಸೋಪುನೀರಿನ ಡಬ್ಬಿಗೆ ಹಾಕಿ. ಕಿವಿಯ ಒಳಗೆ, ಬೆರಳ ಸಂದು, ಬಾಲದ ಬುಡ, ಕತ್ತುಪಟ್ಟಿಯ ಅಡಿ ತಪ್ಪದೆ ನೋಡಿ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನ ಮನೆಗಳಿಗೆ ಇದು ಇನ್ನೂ ಮುಖ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. ಮನೆಗೋಡೆಯ ಕಂದು ಉಣ್ಣೆ ಬೇರೆ, ಆದರೆ ಕಾಡಿಗೆ ಹೋಗಿ ಬಂದ ನಾಯಿ ಅಲ್ಲಿನ ಉಣ್ಣೆಯನ್ನು ಮೈಗೆ ಅಂಟಿಸಿಕೊಂಡು ಬರಬಹುದು. ಡಿಸೆಂಬರಿನಿಂದ ಮೇ ಮುಗಿಯುವವರೆಗೆ ನಾಯಿಯನ್ನು ಅಂಗಳದಲ್ಲೇ ಪರೀಕ್ಷಿಸಿ ಒಳಗೆ ಬಿಡಿ, ಹಾಸಿಗೆಗೆ ಹತ್ತಿಸಬೇಡಿ.

ಉಣ್ಣೆ ಜ್ವರ ಎಂದು ಗೊತ್ತಾಗುವುದು ಹೇಗೆ?

ಊಟ ಬಿಟ್ಟಿರುವುದು, ಮಂಕು, 103–105 ಡಿಗ್ರಿ ಜ್ವರ, ಬಿಳಿಚಿದ ಒಸಡು, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಕೆಂಪು ರಕ್ತಕಣ ಒಡೆಯುವ ಬೆಬೀಸಿಯಾ ರೋಗಾಣು ಇರಬಹುದು, ಅದೇ ದಿನ ಹೋಗಬೇಕು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಮತ್ತು ಸ್ಲೈಡ್ ನೋಡುತ್ತಾರೆ. ಉಣ್ಣೆಯಿಂದಲೇ ಬರುವ ಇನ್ನೊಂದು ರೋಗಾಣು ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಡುತ್ತಾರೆ. ಮೂರನೇ ದಿನಕ್ಕೇ ನಾಯಿ ಊಟ ಮಾಡಲು ಶುರುಮಾಡುವುದರಿಂದ ಬಹಳ ಜನ ವಾರಕ್ಕೆ ಮಾತ್ರೆ ನಿಲ್ಲಿಸುತ್ತಾರೆ. ಒಳಗೆ ಉಳಿದ ರೋಗ ತಿಂಗಳುಗಳ ನಂತರ ಅಸ್ಥಿಮಜ್ಜೆಯನ್ನೇ ಹಿಡಿದು ಮರಳಬಹುದು, ಆಗ ಉಳಿಸುವುದು ಕಷ್ಟ. ದಯವಿಟ್ಟು ಪೂರ್ತಿ ಕೊಡಿ, ಊಟದ ಜೊತೆ ಕೊಡಿ.

ಮಳೆಗಾಲ

ಇಲಿ ಜ್ವರದ ಲಸಿಕೆ ಯಾವಾಗ ಹಾಕಿಸಬೇಕು?

ಮಳೆ ಬಂದ ಮೇಲಲ್ಲ. ಮೊದಲ ಸಲ ಹಾಕಿಸುವ ನಾಯಿಗೆ 3–4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಎರಡನೆಯ ಡೋಸ್ ಆದ ಸುಮಾರು ಎರಡು ವಾರಕ್ಕೆ ರಕ್ಷಣೆ ಸಿಗುತ್ತದೆ. ಜೂನಿನ ಮೊದಲ ಮಳೆಗೆ ತಯಾರಾಗಲು ಏಪ್ರಿಲಿನಲ್ಲೇ ಶುರುಮಾಡಿ, ಆಮೇಲೆ ವರ್ಷಕ್ಕೊಂದು. ಲಸಿಕೆ ಎಲ್ಲ ತಳಿಯ ರೋಗಾಣುವನ್ನೂ ತಡೆಯುವುದಿಲ್ಲ, ಆದ್ದರಿಂದ ನಿಂತ ನೀರು ಕುಡಿಯಲು ಬಿಡಬೇಡಿ, ರಾತ್ರಿ ಊಟದ ತಟ್ಟೆ ಹೊರಗಿಡಬೇಡಿ. ಇಲಿ ಬರುವುದು ಆ ತಟ್ಟೆಗೇ. ಕಣ್ಣು, ಒಸಡು ಹಳದಿಯಾಗಿ ವಾಂತಿ ಶುರುವಾದರೆ ತಡಮಾಡಬೇಡಿ. ಈ ರೋಗ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ, ಒರೆಸುವಾಗ ಕೈಗವಸು ಹಾಕಿ, ಬ್ಲೀಚ್ ಬಳಸಿ.

ಇಲಿ ಪಾಷಾಣದ ಬಿಲ್ಲೆ ಇಡುವ ಮನೆಗಳಲ್ಲಿ ಇನ್ನೊಂದು ಅಪಾಯ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ನಾಯಿ ಮೂರು ದಿನ ಚೆನ್ನಾಗಿಯೇ ಇದ್ದು ಆಮೇಲೆ ಒಳಗೊಳಗೇ ರಕ್ತ ಸೋರಿ ಬೀಳುತ್ತದೆ. ತಿಂದದ್ದು ಕಂಡ ತಕ್ಷಣ ಪೊಟ್ಟಣದ ಸಮೇತ ಹೋದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು.

ಮಳೆಯಲ್ಲಿ ನೆಂದರೆ ಚರ್ಮರೋಗ ಬರುತ್ತದೆಯೇ?

ನೆನೆಯುವುದರಿಂದಲ್ಲ, ಒಣಗದೇ ಇರುವುದರಿಂದ. ಒಳಗೆ ಬಂದ ಕೂಡಲೇ ಬೆರಳ ಸಂದು, ಕಂಕುಳು, ಕತ್ತುಪಟ್ಟಿಯ ಅಡಿ ಟವೆಲಿನಿಂದ ಒತ್ತಿ ಒರೆಸಿ. ವಾರಕ್ಕೆರಡು ಸಲ ಶಾಂಪೂ ಹಾಕಬೇಡಿ. ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್‌ನಂಥ ಜೋಲುಕಿವಿಯವಕ್ಕೆ ಕಿವಿ ಮೂಸಿ ನೋಡಿ. ಹುಳಿ ವಾಸನೆ, ಕಂದು ಜಿಡ್ಡು ಇದ್ದರೆ ಇಯರ್‌ಬಡ್ ತೂರಿಸದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಹುಳಕಡ್ಡಿ ಮುಲಾಮು ಹಚ್ಚುವುದು ಬೇಡ. ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ, ಕೆರೆತ ನಿಂತರೂ ಬೂಷ್ಟು ಒಳಗೆ ಹರಡುತ್ತಲೇ ಇರುತ್ತದೆ.

ಗಾಯದಲ್ಲಿ ಹುಳ ಬಿದ್ದಿದೆ, ಏನು ಹಾಕಬೇಕು?

ಫಿನೈಲ್, ಪೆಟ್ರೋಲ್, ಸೀಮೆಎಣ್ಣೆ ಸುರಿಯಬೇಡಿ. ನುಸಿಗುಳಿಗೆ ಪುಡಿ, ಕರ್ಪೂರ ತುಂಬುವುದೂ ಬೇಡ. ಹುಳದ ಜೊತೆ ಬದುಕಿರುವ ಮಾಂಸವೂ ಸಾಯುತ್ತದೆ, ನೆಕ್ಕಿದ ಪ್ರಾಣಿಗೆ ವಿಷವಾಗುತ್ತದೆ. ನೊಣ ಮೊಟ್ಟೆಯಿಟ್ಟ ಒಂದು ದಿನದೊಳಗೆ ಮರಿಯಾಗುವುದರಿಂದ ನಿನ್ನೆ ಇಲ್ಲದ ಹುಳ ಇವತ್ತು ಇರುತ್ತದೆ, ಅದು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ ತೊಳೆದು, ಗಾಜ್ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ. ನೋವಿಗೆ ಪ್ರಾಣಿ ಕಚ್ಚಬಹುದು, ಅದರ ಬಾಯಿ ಕಟ್ಟಿ ಮಾಡಿ. ಮಳೆಗಾಲದಲ್ಲಿ ಎಷ್ಟೇ ಸಣ್ಣ ಗಾಯವಾದರೂ ದಿನಕ್ಕೆರಡು ಸಲ ನೋಡಿ, ಬಾಲದ ಕೆಳಗೂ ನೋಡಿ.

ನಾಯಿ ಕಪ್ಪೆಯನ್ನು ಕಚ್ಚಿತು, ಬಾಯಲ್ಲಿ ನೊರೆ ಬರುತ್ತಿದೆ.

ಗೋಂಕರುಕಪ್ಪೆಯ ಚರ್ಮದ ವಿಷ ಅದು. ಮೂತಿಯನ್ನು ಕೆಳಗೆ ಬಾಗಿಸಿ, ಬಾಯಿಯ ಪಕ್ಕದಿಂದ 5–10 ನಿಮಿಷ ನೀರು ಹರಿಸಿ, ನೀರು ಹೊರಗೇ ಬೀಳಬೇಕು. ಒಸಡನ್ನು ಒದ್ದೆ ಬಟ್ಟೆಯಿಂದ ಉಜ್ಜಿ. ನಡುಕ, ತೂರಾಟ ಬಂದರೆ ಹೊರಡಿ.

ಹಾವು ಕಚ್ಚಿದರೆ?

ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಕತ್ತುಪಟ್ಟಿ ಬಿಚ್ಚಿ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಅದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಗುತ್ತದೆ. ಎಲ್ಲ ಕ್ಲಿನಿಕ್‌ಗಳಲ್ಲಿ ಅದು ಇರುವುದಿಲ್ಲ, ಹೊರಡುವಾಗಲೇ ಫೋನ್ ಮಾಡಿ ಕೇಳಿ. ಈ ವಿಚಾರಣೆಯನ್ನು ಮಳೆಗಾಲಕ್ಕೆ ಮೊದಲೇ ಮಾಡಿ ನಂಬರ್ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ.

ಹಬ್ಬಗಳು

ಪಟಾಕಿಗೆ ಹೆದರುವ ನಾಯಿಗೆ ನಿದ್ದೆ ಮಾತ್ರೆ ಕೊಡಬಹುದೇ?

ನೀವಾಗಿಯೇ ಕೊಡಬೇಡಿ. ಹಳೆಯ ಕಾಲದಿಂದ ಕೊಡುತ್ತಿದ್ದ ಏಸ್‌ಪ್ರೊಮಝಿನ್ ಮೈಯನ್ನು ಅಲುಗದಂತೆ ಮಾಡುತ್ತದೆ, ಭಯ ಹಾಗೇ ಉಳಿಯುತ್ತದೆ. ಹೆದರಿಕೆಯನ್ನೇ ತಗ್ಗಿಸುವ ಟ್ರಾಜೊಡೋನ್, ಗ್ಯಾಬಪೆಂಟಿನ್‌ನಂಥ ಮದ್ದುಗಳನ್ನು ವೈದ್ಯರು ಬರೆದುಕೊಡುತ್ತಾರೆ. ದೀಪಾವಳಿಗೆ ಎರಡು–ಮೂರು ವಾರ ಮೊದಲೇ ಕೇಳಿ, ಸದ್ದಿಲ್ಲದ ಒಂದು ದಿನ ಕೊಟ್ಟು ಹೇಗೆ ಹಿಡಿಸುತ್ತದೆ ನೋಡಿ. ಹಬ್ಬದ ದಿನ ಮೊದಲ ಸದ್ದಿಗಿಂತ ಮುಂಚೆಯೇ ಕೊಡಬೇಕು.

ಮೂರು ದಿನವೂ ಸಂಜೆ 5ರೊಳಗೆ ಹೊರಗೆ ಕರೆದೊಯ್ದು ಬನ್ನಿ. ಬೀದಿಗೆ ದೂರವಾದ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್, ಟಿವಿ ಹಾಕಿ. ಮಂಚದ ಕೆಳಗೆ ಸೇರಿದರೆ ಎಳೆಯಬೇಡಿ. ಹತ್ತಿರ ಬಂದರೆ ತಬ್ಬಿಕೊಳ್ಳಿ, ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಹೆದರಿ ಓಡಿಹೋದ ನಾಯಿಗಳು ಸಿಗದೇ ಇರುವುದು ಕತ್ತಿನಲ್ಲಿ ಫೋನ್ ನಂಬರ್ ಇಲ್ಲದ್ದಕ್ಕೆ. ಬಿಲ್ಲೆ ಮಾಡಿಸಿ ಹಾಕಿ. ಸುಟ್ಟರೆ ಹರಿಯುವ ತಣ್ಣೀರಿನಡಿ 10–20 ನಿಮಿಷ ಹಿಡಿಯಿರಿ, ಟೂತ್‌ಪೇಸ್ಟ್ ಬೇಡ.

ಪೂಜೆ ಸಾಮಾನಿನಲ್ಲಿ ಯಾವುದು ವಿಷ?

ಕರ್ಪೂರ ಫಿಟ್ಸ್ ತರಿಸುತ್ತದೆ. ಕಣಗಿಲೆಯ ಹೂ, ಎಲೆ, ಕಡ್ಡಿ ಎಲ್ಲವೂ ಹೃದಯದ ಬಡಿತ ಕೆಡಿಸುತ್ತವೆ. ತುಪ್ಪದಲ್ಲಿ ನೆನೆದ ಬತ್ತಿಯನ್ನು ನಾಯಿ ಆಸೆಯಿಂದ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಪಾಯಸದ ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ನಿಲ್ಲಿಸಬಲ್ಲದು. ಉಡುಗೊರೆ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬೆಕ್ಕಿರುವ ಮನೆಗೆ ತರಲೇಬೇಡಿ, ಅದರ ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತದೆ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವುದು ಹಳೆಯ ಮತ್ತು ಅಪಾಯದ ರೂಢಿ, ಉಪ್ಪೇ ಮೆದುಳಿಗೆ ಏರುತ್ತದೆ.

ಚಳಿಗಾಲ

ಬೀದಿನಾಯಿ ನಮ್ಮ ನಾಯಿಯನ್ನು ಕಚ್ಚಿದೆ. ಲಸಿಕೆ ಆಗಿದೆ, ಸಾಕಲ್ಲವೇ?

ಸಾಲದು. ಮಳೆ ಮುಗಿದು ಬೆದೆಯ ಕಾಲ ಬಂದಾಗ ಬೀದಿಯಲ್ಲಿ ಕಾದಾಟ ಹೆಚ್ಚು. ಕೈಗವಸು ಹಾಕಿಕೊಂಡು ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಲಸಿಕೆ ಆಗಿದ್ದರೂ ತಕ್ಷಣ ರೇಬೀಸ್ ಬೂಸ್ಟರ್ ಬೇಕು. ಬಿಡಿಸಲು ಹೋಗಿ ನಿಮಗೂ ಪರಚಿದ್ದರೆ ನೀವು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿ. ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕು ನಿಜ, ಆದರೆ ಅಷ್ಟು ದಿನ ಕಾದು ಚುಚ್ಚುಮದ್ದು ತೆಗೆದುಕೊಳ್ಳುವುದಲ್ಲ. ರೇಬೀಸ್ ಗುರುತು ಕಾಣಿಸಿದ ಮೇಲೆ ಮದ್ದಿಲ್ಲ.

ಚಳಿಗೆ ಮೈನೋವು, ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಬಹುದೇ?

ಬೆಕ್ಕಿಗೆ ಅರ್ಧ ಮಾತ್ರೆಯೇ ಸಾವು ತರಬಹುದು. ನಾಯಿಗೂ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುತ್ತದೆ. ಬೀದರ್, ವಿಜಯಪುರದ ಚಳಿಗೆ ಮುದಿನಾಯಿಗಳು ಬೆಳಿಗ್ಗೆ ಏಳಲು ಒದ್ದಾಡುವುದು ಸಂಧಿವಾತದಿಂದ. ನೆಲದಿಂದ ಎತ್ತರದ ಹಾಸಿಗೆ, ಜಾರದ ಚಾಪೆ, ತೂಕ ಇಳಿಸುವುದು ಮೊದಲು. ನೋವಿನ ಮದ್ದು ನಾಯಿಗೆಂದೇ ಬರುವುದನ್ನು ವೈದ್ಯರು ಕೊಡುತ್ತಾರೆ.

ಗಂಡು ಬೆಕ್ಕು ಪದೇ ಪದೇ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತದೆ. ಮಲಬದ್ಧತೆಯೇ?

ಹಾಗೆಂದುಕೊಂಡೇ ಅನೇಕರು ಎಣ್ಣೆ ಕುಡಿಸುತ್ತಾ ಒಂದು ದಿನ ಕಳೆಯುತ್ತಾರೆ. ಚಳಿಗೆ ಬೆಕ್ಕು ನೀರು ಕಡಿಮೆ ಕುಡಿಯುತ್ತದೆ, ಒಣ ಆಹಾರವನ್ನೇ ತಿನ್ನುವ ಗಂಡು ಬೆಕ್ಕಿನ ಕಿರಿದಾದ ಮೂತ್ರನಾಳದಲ್ಲಿ ಹರಳು, ಲೋಳೆ ಕಟ್ಟಿಕೊಳ್ಳುತ್ತದೆ. ಹನಿ ಹನಿ ಮೂತ್ರ ಅಥವಾ ಏನೂ ಇಲ್ಲ, ಅರಚಾಟ, ಕೆಳಹೊಟ್ಟೆ ನಿಂಬೆಹಣ್ಣಿನಂತೆ ಗಟ್ಟಿ ಎಂದರೆ ಮೂತ್ರ ಕಟ್ಟಿದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ಹೊಟ್ಟೆ ಒತ್ತಬೇಡಿ, ಮೂತ್ರಚೀಲ ಒಡೆಯಬಹುದು. ರಾತ್ರಿ 2 ಗಂಟೆಯಾಗಿದ್ದರೂ ತೆರೆದಿರುವ ಆಸ್ಪತ್ರೆ ಹುಡುಕಿ ಮೂತ್ರ ಹೊರಬಿಡುವ ಕೊಳವೆ (ಕ್ಯಾತಿಟರ್) ಹಾಕಿಸಿ. ಗುಣವಾಗಿ ಮನೆಗೆ ಬಂದ ಮೇಲೆ ಒದ್ದೆ ಆಹಾರಕ್ಕೆ ಬದಲಿಸಿ, ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ ಎರಡು–ಮೂರು ಕಡೆ ಇಡಿ, ಚಳಿಯ ದಿನಗಳಲ್ಲಿ ನೀರನ್ನು ಉಗುರುಬೆಚ್ಚಗೆ ಮಾಡಿ ಕೊಡಿ.